ತೆರೆಯದ ಫೈಲಿನೊಳಗಿನ ಜೋಗುಳ

ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇರುತ್ತದೆ, ಇಲ್ಲ ಅನ್ನಬೇಡಿ. ಬೀಗ ಕಳೆದುಹೋದ ಕೀಲಿಕೈ, ಸತ್ತ ಸೆಲ್ಲು, ಯಾವ ಫೋನಿನದೆಂದು ಯಾರೂ ಹೇಳಲಾರದ ಚಾರ್ಜರು, ಜೋಡಿ ತಪ್ಪಿದ ಕಿವಿಯೋಲೆ, ಎಲ್ಲಕ್ಕೂ ಕೊನೆಗೆ ಅದೇ ಆಶ್ರಯ. ನಮ್ಮ ಮನೆಯಲ್ಲಿ ಅದು ಬಿಸ್ಕೀಟಿನ ತಗಡಿನ ಡಬ್ಬಿ. ಮಗಳು ಸವಿತಾ ಬಾಣಂತನಕ್ಕೆಂದು ಹುನಗುಂದದ ನಮ್ಮ ಮನೆಗೆ ಬಂದಿದ್ದಳು. ಕೂಸಿನ ಕೈಗೆ ಕಟ್ಟಲು ಕರಿಮಣಿ ಹುಡುಕುತ್ತ ನನ್ನ ಹೆಂಡತಿ ಶೈಲಾ ಆ ಡಬ್ಬಿಯನ್ನು ನೆಲಕ್ಕೆ ಸುರುವಿದಳು. ಕರಿಮಣಿ ಸಿಗಲಿಲ್ಲ. ಒಂದು ಸಿ.ಡಿ. ಸಿಕ್ಕಿತು. ಅದರ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ‘ಸವಿತಾ ತೊಟ್ಟಿಲು’ ಎಂದು ಬರೆದಿತ್ತು. ಅಕ್ಷರ ನನ್ನದೇ.

ಸಿ.ಡಿ.ಗಳಿಗೆ ಈಗ ನಮ್ಮ ಕಡೆ ಉಳಿದಿರುವ ಉದ್ಯೋಗವೆಂದರೆ ಹಕ್ಕಿ ಬೆದರಿಸುವುದು. ಬಾಗಲಕೋಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ, ದಾಳಿಂಬೆ ತೋಟಗಳಲ್ಲಿ ದಾರಕ್ಕೆ ನೇತುಬಿದ್ದು ಮಿಂಚುತ್ತಿರುತ್ತವೆ. ಯಾರದೋ ಮದುವೆ, ಯಾರದೋ ಬಸುರಿನ ಕುಬಸ, ಯಾರದೋ ಮನೆಯ ಹೊಸ್ತಿಲ ಪೂಜೆ ಎಲ್ಲ ಗಾಳಿಗೆ ಗಿರಿಗಿರಿ ತಿರುಗುತ್ತ ಗಿಳಿಗಳನ್ನು ಓಡಿಸುತ್ತಿರುತ್ತವೆ. ನಮ್ಮದೂ ಯಾವುದೋ ತೋಟ ಸೇರಬೇಕಾಗಿತ್ತು, ಡಬ್ಬಿ ಸೇರಿ ಬದುಕಿಕೊಂಡಿತ್ತು.

ಸವಿತಾ ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. “ಪಪ್ಪಾ, ಇದರಾಗ ಆಯಿ ಜೋಗುಳ ಹಾಡ್ಯಾಳಲ್ಲಾ?” ಎಂದಳು. ಆಯಿ ಎಂದರೆ ನನ್ನ ಅವ್ವ.

“ಹಾಡ್ಯಾಳವ್ವ. ಪೂರಾ ಹಾಡ್ಯಾಳ” ಎಂದೆ. ಎದೆಯುಬ್ಬಿಸಿ ಹೇಳಿದೆ ಎಂದರೂ ನಡೆಯುತ್ತದೆ.

ಅವ್ವನ ಜೋಗುಳ ಅವ್ವನದೇ. ಪುಸ್ತಕದ್ದಲ್ಲ, ರೇಡಿಯೊದ್ದಲ್ಲ. ‘ಲಾಳಿ ಆಡಿದಂಗ ತೂಗತೇನ ತೊಟ್ಟಿಲಾ, ಎಳಿ ಹರೀದಂಗ ಮಲಗವ್ವಾ’ ಎಂದು ಶುರುವಾಗಿ, ಅಲ್ಲಿಂದ ಮುಂದೆ ನಮ್ಮ ಮನೆತನದ ಒಬ್ಬೊಬ್ಬರ ಹೆಸರನ್ನೂ ಒಂದೊಂದು ಕುಚೋದ್ಯದೊಂದಿಗೆ ಪೋಣಿಸಿಕೊಂಡು ಹೋಗುತ್ತಿತ್ತು. ಮನೆಯಲ್ಲಿ ಕೂಸು ಹುಟ್ಟಿದಾಗೆಲ್ಲ ಹಾಡು ಒಂದು ನುಡಿ ಬೆಳೆಯುತ್ತಿತ್ತು. ನನ್ನ ನುಡಿಯಲ್ಲಿ ನಾನು ಹಾಲು ಕುಡಿಯದೆ ಅತ್ತು ಓಣಿಯ ನಾಯಿಗಳನ್ನು ಎಬ್ಬಿಸಿದ ಪ್ರಸಂಗವಿತ್ತು. ಸವಿತಾ ನುಡಿಯಲ್ಲಿ ಏನಿತ್ತೋ, ಅದು ಅವಳಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಬಾದಾಮಿಯಲ್ಲಿರುವ ನನ್ನ ಅಕ್ಕ ಗಂಗಕ್ಕನಿಗೂ ಮೊದಲ ಎರಡು ಸಾಲಿನಾಚೆ ಬರುವುದಿಲ್ಲ. ಅವ್ವ ಇದ್ದಾಗ ಕಲಿಯುವ ಜರೂರಿತ್ತೇ? ಹಾಡಲಿಕ್ಕೆ ಅವ್ವನೇ ಇದ್ದಳಲ್ಲ. ನಮ್ಮ ಕಡೆ ಕ್ಯಾಮೆರಾ ಫೋನು ಬರುವ ಮೊದಲೇ ಅವ್ವ ಹೋಗಿಬಿಟ್ಟಳು. ಫೋಟೊಗಳಿವೆ. ದನಿ ಎಂದರೆ ಈ ಸಿ.ಡಿ. ಒಂದೇ.

“ಮುಂದಿನ ವಾರ ತೊಟ್ಟಿಲದಾಗ ಹಾಕೂದರ ದಿವ್ಸ ಇದನ್ನs ಹಚ್ಚೂಣು. ನನ್ನ ಮಗಳಿಗೂ ಆಯಿನs ಹಾಡ್ಲಿ” ಎಂದಳು ಸವಿತಾ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಬಾಣಂತಿ ಅಳಬಾರದು ಎಂದು ಶೈಲಾ ಗದರಿದಳು. ನಾನು ಆಗಲಿ ಎಂದೆ.

ಹಾಗೆ ಅನ್ನಲು ನನಗೊಂದು ಹಕ್ಕಿತ್ತು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತನಾದ ಮೇಲೆ ನಾನು ಹಿಡಿದ ಚಟವೆಂದರೆ ವಿಡಿಯೊ ಎಡಿಟಿಂಗು. ಲ್ಯಾಪ್‌ಟಾಪಿನಲ್ಲಿ ಒಂದು ಪುಕ್ಕಟೆ ಸಾಫ್ಟ್‌ವೇರು ಹಾಕಿಕೊಂಡು, ಬಂಧುಗಳ ಹುಟ್ಟುಹಬ್ಬ, ಮನೆಶಾಂತಿ, ಐಹೊಳೆಗೆ ಹೋಗಿ ಉಂಡು ಬಂದದ್ದು, ಎಲ್ಲವನ್ನೂ ಕತ್ತರಿಸಿ ಅಂಟಿಸಿ ಮನೆಯ ಗ್ರೂಪಿಗೆ ಕಳಿಸುತ್ತೇನೆ. ಶೈಲಾ ನನ್ನನ್ನು ‘ಡೈರೆಕ್ಟ್ರು’ ಎನ್ನುತ್ತಾಳೆ. “ಡೈರೆಕ್ಟ್ರ, ಕಟ್ ಅಂದು ಊಟಕ್ಕ ಬರ್ರಿ” ಎಂದು ಅಡುಗೆಮನೆಯಿಂದ ಕೂಗುತ್ತಾಳೆ. ನಾನು ಕೇಳಿಸದವನಂತೆ ಇರುತ್ತೇನೆ, ಒಳಗೊಳಗೇ ಖುಷಿಯಾಗುತ್ತದೆ.

ಮೊದಲ ಅಡ್ಡಿ, ಲ್ಯಾಪ್‌ಟಾಪಿಗೆ ಸಿ.ಡಿ. ತೂರಿಸುವ ಬಾಯಿಯೇ ಇರಲಿಲ್ಲ. ಇಷ್ಟು ದಿನ ಅದರೊಂದಿಗೆ ಸಂಸಾರ ಮಾಡಿಯೂ ನಾನದನ್ನು ಗಮನಿಸಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯವರ ಬಳಿ ಧೂಳು ಹಿಡಿದ ಡ್ರೈವೊಂದಿತ್ತು. ತಂದು ವೈರು ಜೋಡಿಸಿದೆ. ಸಿ.ಡಿ. ಒಳಗೆ ಹೋಗಿ, ಕರಕರ ಹಲ್ಲು ಕಡಿದು, ಕೊನೆಗೆ ಒಂದು ಫೈಲು ತೋರಿಸಿತು. ಅದರ ಬಾಲದಲ್ಲಿ ಡಿ.ಎ.ಟಿ. ಎಂಬ ಮೂರಕ್ಷರ. ನನ್ನ ಸಾಫ್ಟ್‌ವೇರಿಗೆ ಅದನ್ನು ಎಳೆದು ಹಾಕಿದೆ. ‘ಈ ಫಾರ್ಮ್ಯಾಟಿಗೆ ಬೆಂಬಲವಿಲ್ಲ’ ಎಂದಿತು. ನನಗೆ ಸಿಟ್ಟು ಬಂತು. ನಮ್ಮ ಅವ್ವನಿಗೆ ನಿನ್ನ ಬೆಂಬಲ ಯಾರು ಕೇಳಿದರು?

ಯೂಟ್ಯೂಬಿನಲ್ಲಿ ಒಬ್ಬ ಪುಣ್ಯಾತ್ಮ, ಫೈಲಿನ ಹೆಸರಿನ ಬಾಲ ಬದಲಿಸಿದರೆ ಸಾಕು ಎಂದ. ಬದಲಿಸಿದೆ. ಕಪ್ಪು ಪರದೆ ಬಂತು. ಇನ್ನೊಬ್ಬ ಹೇಳಿದನೆಂದು ಒಂದು ಕನ್ವರ್ಟರ್ ಇಳಿಸಿಕೊಂಡೆ. ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕೆ ಮಾರ್ಪಡಿಸುವ ಸಾಧನವದು. ಅದು ಮಾರ್ಪಡಿಸಿತೇನೋ ಹೌದು, ಆದರೆ ಎಲ್ಲರೂ ತಟ್ಟಿದ ರೊಟ್ಟಿಯಂತೆ ಅಗಲವಾಗಿದ್ದರು. ಅವ್ವನ ಮುಖದ ಮೇಲೆ ಅಡ್ಡಡ್ಡ ‘ಟ್ರಯಲ್ ವರ್ಷನ್’ ಎಂದು ಬರೆದಿತ್ತು. ಶೈಲಾ ಚಹಾ ಹಿಡಿದು ಬಂದು ಇಣುಕಿ, ತನ್ನ ತಾಯಿಯತ್ತ ಬೆರಳು ಮಾಡಿ, “ಏನ್ರಿ ಇದು, ನಮ್ಮವ್ವ ಇಷ್ಟ ದಪ್ಪ ಯಾವಾಗ ಇದ್ಲು?” ಎಂದಳು. ತವರಿನವರ ಮೈಕಟ್ಟಿಗೆ ಧಕ್ಕೆ ಬಂದರೆ ಯಾವ ಹೆಣ್ಣೂ ಸುಮ್ಮನಿರುವುದಿಲ್ಲ.

ತವರು ಎಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಸವಿತಾಳನ್ನು ತೊಟ್ಟಿಲಿಗೆ ಹಾಕಿದ್ದು ಪದ್ಧತಿಯಂತೆ ಶೈಲಾಳ ತವರಿನಲ್ಲಿ, ಹಳೇ ಬಾಗಲಕೋಟೆಯಲ್ಲಿ. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಪಾಲು. ಅವರದು ವ್ಯಾಪಾರಸ್ಥರ ಮನೆತನ, ಮಾತು ಬಹಳ ಮೆಲ್ಲಗೆ. ನನ್ನ ಮಾವನವರು ಸಿಟ್ಟಾದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ ತಿಳಿಯುತ್ತಿತ್ತು. ನಾವೋ ಮಗ್ಗದ ಮನೆಯವರು. ಅವ್ವ ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಕುಪ್ಪಸದ ಖಣ ನೇಯುವ ಮನೆಯಲ್ಲಿ. ಸೇರಿದ್ದು ಇಳಕಲ್ಲಿನಲ್ಲಿ, ಸೀರೆ ನೇಯುವ ಮನೆಗೆ. ಲಾಳಿಯ ಸಪ್ಪಳದಲ್ಲಿ ಹುಟ್ಟಿ ಲಾಳಿಯ ಸಪ್ಪಳದಲ್ಲೇ ಬಾಳಿದವಳು. ಆ ಟಕಟಕದ ಮೇಲೆ ಮಾತು ಕೇಳಬೇಕೆಂದರೆ ದನಿ ಏರಿಸಲೇಬೇಕು. ನಮ್ಮ ಮನೆಯಲ್ಲಿ ಉಪ್ಪು ಕೇಳಿದರೂ ಹೊಸಬರು ಜಗಳವೆಂದು ತಿಳಿಯುತ್ತಿದ್ದರು. ಮಗ್ಗ ನಿಂತ ಅಮಾವಾಸ್ಯೆಯ ದಿನವೂ ದನಿ ಇಳಿಯುತ್ತಿರಲಿಲ್ಲ, ರೂಢಿಯಾಗಿಬಿಟ್ಟಿತ್ತು. ನಾನು ಮಾಸ್ತರನಾದಾಗ ಇದರ ಲಾಭ ಆಚೆಯ ಕೋಣೆಯ ಮಕ್ಕಳಿಗೂ ಆಯಿತು. ಗಂಗಾನದಿಯ ಉಪನದಿಗಳನ್ನು ಅವರು ಗಣಿತದ ತಾಸಿನಲ್ಲಿ ಕಲಿತರು.

ಅವ್ವನ ಹಾಡಿನ ದನಿಯೂ ಅದೇ. ತೊಟ್ಟಿಲ ಪಕ್ಕದಲ್ಲಿ ನಿಂತು ಹಾಡಿದರೆ ಓಣಿಯ ತುದಿಯ ಬಾವಿಯಲ್ಲಿ ನೀರು ಸೇದುವವರು ‘ಕೂಸು ಮಲಗ್ತು’ ಎನ್ನುತ್ತಿದ್ದರು. ವಿಚಿತ್ರವೆಂದರೆ ಕೂಸುಗಳು ಖರೆ ಖರೆ ಮಲಗುತ್ತಿದ್ದವು. ದನಿ ನಿಂತರೆ ಎಚ್ಚರಾಗುತ್ತಿದ್ದವು. ನನಗೂ ಹಾಗೇ ಆಗುತ್ತಿತ್ತಂತೆ.

ಮತ್ತೊಂದು ಕನ್ವರ್ಟರ್ ಒಳ್ಳೆಯದು ಸಿಕ್ಕಿತು. ಮುಖಗಳು ಮುಖಗಳಾದವು. ಬಣ್ಣ ತುಸು ಬಸಿದುಹೋಗಿತ್ತು, ಆದರೂ ಎಲ್ಲರ ಗುರುತು ಹತ್ತುತ್ತಿತ್ತು. ಮೊದಲಿಗೆ ಕಮಲದ ಹೂವೊಂದು ಅರಳಿ ಅದರೊಳಗೆ ಸವಿತಾ ಅಳುತ್ತ ಪ್ರತ್ಯಕ್ಷಳಾದಳು. ಆಗಿನ ವಿಡಿಯೊದವರಿಗೆ ಇಂಥ ಕರಾಮತ್ತು ಭಾಳ ಪ್ರೀತಿ. ನನ್ನ ಮಾವನವರು ಎರಡು ಹೋಳಾಗಿ, ಹೋಳುಗಳು ತಿರುಗಿ, ಮತ್ತೆ ಕೂಡಿಕೊಂಡರು. ನಾನು ದಟ್ಟ ಮೀಸೆ ಬಿಟ್ಟುಕೊಂಡು, ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಕಂಬ ಹಿಡಿದು ನಿಂತಿದ್ದೆ. ಗಂಗಕ್ಕ ಕೂಸಿನ ಸೋದರತ್ತಿಯಾಗಿ ಬಗ್ಗಿ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಿದ್ದರೆ ಹಿಂದಿನಿಂದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಿದ್ದರು. ಆಮೇಲೆ ಅವ್ವ ಬಂದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ತೊಟ್ಟಿಲ ಹಗ್ಗ ಹಿಡಿದಳು, ಬಾಯಿ ತೆರೆದಳು.

ಸಪ್ಪಳವಿಲ್ಲ. ಮೊದಲಿನಿಂದಲೂ ಇರಲಿಲ್ಲ, ನಾನು ನೋಡುವುದರಲ್ಲಿ ಮೈಮರೆತಿದ್ದೆ. ಅವ್ವನ ಬಾಯಿ ಆಡುತ್ತಿತ್ತು, ಗಂಟಲಿನ ನರ ಏಳುತ್ತಿತ್ತು, ನನ್ನ ಕೋಣೆಯಲ್ಲಿ ಫ್ಯಾನಿನ ಸಪ್ಪಳವೊಂದೇ ಕೇಳುತ್ತಿತ್ತು. ಲ್ಯಾಪ್‌ಟಾಪಿನ ದನಿ ಏರಿಸಿದೆ, ಸ್ಪೀಕರ್ ಬದಲಿಸಿದೆ, ಕೊನೆಗೆ ಹುಚ್ಚನಂತೆ ಪರದೆಗೆ ಕಿವಿ ಇಟ್ಟೆ.

ಓದಿ ನೋಡಿದಾಗ ತಿಳಿಯಿತು. ಫೈಲೆಂದರೆ ಒಂದೇ ವಸ್ತುವಲ್ಲ. ಚಿತ್ರ ಒಂದು ಬಗೆಯಲ್ಲಿರುತ್ತದೆ, ದನಿ ಇನ್ನೊಂದು ಬಗೆಯಲ್ಲಿ. ಚಿತ್ರಕ್ಕೆ ಒಗ್ಗಿದ ಸಾಫ್ಟ್‌ವೇರಿಗೆ ದನಿ ಒಗ್ಗದೆ ಹೋಗಬಹುದು. ಇದು ನನಗೆ ಸಲೀಸಾಗಿ ಅರ್ಥವಾಯಿತು, ಯಾಕೆಂದರೆ ಇಳಕಲ್ ಸೀರೆಯೂ ಹಾಗೇ. ಮೈಯ ನೂಲು ಬೇರೆ, ಸೆರಗಿನ ನೂಲು ಬೇರೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅವ್ವ ಆ ಕೆಲಸಕ್ಕೆ ಕೂತರೆ ಊಟದ ಹೊತ್ತು ಮೀರಿದರೂ ಏಳುತ್ತಿರಲಿಲ್ಲ. ಒಂದು ಎಳೆ ತಪ್ಪಿದರೆ ಸೆರಗು ಕೂಡುವುದಿಲ್ಲ. ಅವಳ ಮಗ ನಾನು, ಅವಳ ದನಿಯನ್ನು ಅವಳ ಚಿತ್ರಕ್ಕೆ ಕೂಡಿಸಲಾರೆನೇ?

ಸವಿತಾಗೆ, “ಮಾರಿ ಬಂದೈತಿ, ದನಿ ಬರೂದೈತಿ” ಎಂದೆ. ದವಾಖಾನಿಯಲ್ಲಿ ಹೊರಗೆ ಕಾಯುವವರಿಗೆ ಹೇಳಿದಂತಿತ್ತು. ಅವಳು ದಿನವೂ ಕೂಸನ್ನು ಎತ್ತಿಕೊಂಡು ಬಂದು, “ಬಂತಾ ಪಪ್ಪಾ?” ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೂಸಿಗೂ “ನಿನ್ನ ಮುತ್ತಜ್ಜಿ ಬರಾಕತ್ತಾಳ, ತಡಿ” ಎಂದು ಹೇಳುತ್ತಿದ್ದಳು. ಗಂಗಕ್ಕ ಬಾದಾಮಿಯಿಂದ ಫೋನು ಮಾಡಿ, “ತಮ್ಮಾ, ಅವ್ವನ ದನಿ ಕೇಳಿ ಎಷ್ಟ ವರ್ಷಾತೋ. ನಾ ಎರಡ ದಿನ ಮೊದಲs ಬರ್ತೇನಿ” ಎಂದಳು.

ದನಿಯನ್ನಷ್ಟೇ ಬೇರೆ ತೆಗೆದು ಮಾರ್ಪಡಿಸುವ ಉಪಾಯ ಕೊನೆಗೂ ಸಿಕ್ಕಿತು. ಅಷ್ಟರಲ್ಲಿ ಗಂಗಕ್ಕನೂ ಬಂದಿದ್ದಳು. ಬೆಳಗಿನ ನಾಷ್ಟಾ ಆಗಿತ್ತು. ನಾನು ಎಲ್ಲರನ್ನೂ ಕರೆದೆ. ಹೌದು, ಮೊದಲು ನಾನೊಬ್ಬನೇ ಕೇಳಿ ನೋಡಬೇಕಾಗಿತ್ತು. ಡೈರೆಕ್ಟ್ರಿಗೆ ಪ್ರೇಕ್ಷಕರು ಬೇಕಲ್ಲ! ಸವಿತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದೆ ಕೂತಳು. ಗಂಗಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಅವ್ವ ಖರೇನೇ ಬರುವವಳಂತೆ.

ಅವ್ವ ಹಗ್ಗ ಹಿಡಿದಳು, ಬಾಯಿ ತೆರೆದಳು. ಪಿಟೀಲುಗಳ ದೊಡ್ಡ ಮೇಳವೊಂದು ಮೊಳಗಿತು. ಅದರ ಹಿಂದೆಯೇ ಒಂದು ಹಿಂದಿ ಸಿನಿಮಾ ಹಾಡು. ಗಂಡು ಹೆಣ್ಣು ಕೂಡಿ ಹಾಡುವ ಪ್ರೇಮಗೀತೆ. ಹಿಂದಿಯ ಒಂದು ಅಕ್ಷರ ಬಾರದ ನಮ್ಮ ಅವ್ವ ತೊಟ್ಟಿಲು ತೂಗುತ್ತ ಹೆಣ್ಣಿನ ಸಾಲೂ ಹಾಡಿದಳು, ಗಂಡಿನ ಸಾಲೂ ಹಾಡಿದಳು. ಸವಿತಾ ತಡೆಯಲಾರದೆ ನಕ್ಕಳು. ನಾವೂ ನಕ್ಕೆವು. ಹಾಡು ಮುಗಿಯಲೇ ಇಲ್ಲ. ನಮ್ಮ ನಗೆ ಮೊದಲು ಮುಗಿಯಿತು. ಅವ್ವನ ಮುಖದ ಮೇಲಿನ ಆ ಶ್ರದ್ಧೆಗೂ ಆ ಹಾಡಿಗೂ ಸಂಬಂಧವೇ ಇರಲಿಲ್ಲ.

“ತಪ್ಪ್ ಫೈಲ್ ಇರಬೇಕು” ಎಂದೆ. ಮತ್ತೆ ತೆಗೆದೆ, ಮತ್ತೆ ಮಾರ್ಪಡಿಸಿದೆ. ಅದೇ ಹಾಡು. ಹಿಂದೆ ಇದು ವಿಡಿಯೊ ಟೇಪಿನಲ್ಲಿದ್ದಾಗ ನೋಡಿದ್ದೆವು, ನೋಡಿಲ್ಲವೆಂದಲ್ಲ. ಮನೆ ತುಂಬ ಮಂದಿ, ಗದ್ದಲ, ‘ಅಯ್ಯ ನಾ ನೋಡು, ನೀ ನೋಡು’ ಎಂಬ ಕೂಗಾಟದಲ್ಲಿ ಅದರ ದನಿ ಯಾರ ಕಿವಿಗೂ ಬಿದ್ದಿರಲಿಲ್ಲ. ಆ ಟೇಪನ್ನು ಸಿ.ಡಿ.ಗೆ ಹಾಕಿಸಿದ ಮೇಲೆ ಇಟ್ಟದ್ದೇ ಬಂತು. ತೊಟ್ಟಿಲ ಮುಂದೆ ಅವ್ವ ಹಾಡಿದ್ದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೆ. ಅದನ್ನೇ ನನ್ನ ತಲೆ ಈ ಚಿತ್ರಕ್ಕೆ ಜೋಡಿಸಿ ಇಷ್ಟು ವರ್ಷ ಇಟ್ಟುಕೊಂಡಿತ್ತು. ಯಾವ ಕನ್ವರ್ಟರೂ ಇಲ್ಲದೆ ಆದ ಕೆಲಸ ಅದು.

ವಿಡಿಯೊ ತೆಗೆದ ಮಲ್ಲಣ್ಣ ಈಗ ಬಾಗಲಕೋಟೆ ನವನಗರದಲ್ಲಿ ಫ್ಲೆಕ್ಸ್ ಬ್ಯಾನರಿನ ಅಂಗಡಿ ಇಟ್ಟಿದ್ದಾನೆ. ಶೈಲಾಳ ಅಣ್ಣನಿಂದ ನಂಬರು ಇಸಿದುಕೊಂಡು ಫೋನು ಮಾಡಿದೆ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ಮಲ್ಲಣ್ಣ, ಮೂಲ ಟೇಪ್ ಅದಾವೇನು?”

“ಎಲ್ಲೀದ್ರಿ ಸರ! ಒಂದ ಟೇಪಿನ್ಯಾಗ ಇವತ್ತ ಇವರ ಮದವಿ, ನಾಳೆ ಅವರ ಗೃಹಪ್ರವೇಶ. ಮಿಕ್ಸಿಂಗ್ ಆದಮ್ಯಾಲ ಅದರ ಮ್ಯಾಲೇ ತಗೀತಿದ್ವಿ.”

“ಎಲ್ಲಾ ಕಡೆ ಹಾಡು ಹಾಕೀಯಲ್ಲೋ ಮಾರಾಯ. ಜೋಗುಳಾರ ಬಿಡಬಾರದಿತ್ತಾ?”

“ಸರ, ಜೋಗುಳ ಯಾವತ್ತೂ ಹಂಗs ಬಿಡ್ತಿದ್ವಿರಿ. ಉಳದ ಕಡೆ ಕೂಸು ಅಳೂದು, ಬಾಂಡೆ ಸಪ್ಪಳ, ಅದಕ್ಕ ಹಾಡು ಹಾಕ್ತಿದ್ವಿ. ಜೋಗುಳಕ್ಕ ಕೈ ಹಚ್ತಿರಲಿಲ್ಲ. ನಿಮ್ಮ ಮನಿದೂ ಬಿಡಾವನs ಇದ್ದೆ. ನಿಮ್ಮ ಅವ್ವಾರs ಬ್ಯಾಡ ಅಂದ್ರು.”

“ಅವ್ವ ಅಂದ್ಲಾ?”

“ಹೌದ್ರಿ. ಊಟ ಆದಮ್ಯಾಲ ಹಿತ್ತಲಕ್ಕ ಕರದ್ರು. ‘ತಮ್ಮಾ, ನನ್ನ ದನಿ ಒರಟ ಐತಿ. ಇದು ಬೀಗರ ಮನಿ, ಮೆಲ್ಲಕ ಮಾತಾಡೋ ಮಂದಿ. ನಾಳೆ ಹತ್ತ ಸಲ ಹಚ್ಚಿ ನೋಡ್ತಾರ. ನನ್ನ ಮಗಗ ನಾಚಿಕಿ ಆದೀತು. ಅಲ್ಲೊಂದು ಚಲೋ ಹಾಡ್ ಹಾಕಿಬಿಡು’ ಅಂದ್ರು. ಎಲ್ಲಾರೂ ನನ್ನ ಜಾಸ್ತಿ ತೋರ್ಸು ಅನ್ನಾವ್ರs, ಸರ. ನನ್ನ ತಗದುಬಿಡು ಅಂದಾವ್ರು ಅವರೊಬ್ಬರs. ನನ್ನ ಹೇಣ್ತಿಗೊಂದು ಗುಳೇದಗುಡ್ಡದ ಖಣಾನೂ ಕೊಟ್ಟ್ರು. ಅದಕ್ಕ ನೆನಪುಳದೈತಿ. ಅವರಿಗೆ ಚಲೋ ಅನಿಸಲಿ ಅಂತ, ಆಗ ಭಾಳ ಓಡ್ತಿದ್ದ ಹಾಡು ಹುಡಿಕಿ ಹಾಕಿದ್ದೆ.”

ಫೋನು ಇಟ್ಟೆ. ಶೈಲಾ ಅತ್ತಳು. “ನಮ್ಮ ಮನ್ಯಾಗ ಯಾರೂ ಏನೂ ಅಂದಿರಲಿಲ್ರಿ. ನಮ್ಮವ್ವಗ ಅತ್ತೀದು ಹಾಡು ಭಾಳ ಸೇರಿತ್ತು” ಎಂದಳು. ಅದು ಖರೆ ಇರಬಹುದು. ಮೆಲ್ಲಗೆ ಮಾತಾಡುವ ಮಂದಿ ಮೆಚ್ಚಿದ್ದನ್ನೂ ಮೆಲ್ಲಗೇ ಹೇಳಿರುತ್ತಾರೆ, ಅವ್ವನವರೆಗೆ ಅದು ಮುಟ್ಟಿರಲಿಕ್ಕಿಲ್ಲ. ನಾವಾದರೂ ಹೇಳಿದ್ದೆವೇ? ಅವ್ವನ ದನಿ ಚೆಂದವೋ ಅಲ್ಲವೋ ಎಂದು ನಾವು ಯೋಚಿಸಿದ್ದೇ ಇಲ್ಲ. ಮನೆಯ ಗೋಡೆಯ ಬಗ್ಗೆ ಯಾರು ಯೋಚಿಸುತ್ತಾರೆ? ಅಷ್ಟು ದಿನ ಆ ಫೈಲನ್ನು, ಅದರ ಫಾರ್ಮ್ಯಾಟನ್ನು, ಸಾಫ್ಟ್‌ವೇರು ಬರೆದವರ ಹಿಂದಿನ ಮುಂದಿನ ತಲೆಮಾರನ್ನೆಲ್ಲ ಬೈದಿದ್ದೆ. ಪಾಪ, ಅವು ಯಾವುವೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಬೈಯುವುದಕ್ಕೆ ಅವುಗಳಾದರೂ ಇದ್ದವು ಎಂಬ ಸಮಾಧಾನವೂ ಅಂದು ಹೋಯಿತು. ಬರೀ ದುಃಖ ಉಳಿಯಿತು.

ಸವಿತಾ ಸಂಜೆ ಬಂದು, “ಪಪ್ಪಾ, ಆ ಹಾಡು ತಗದುಬಿಡು. ಸಪ್ಪಳ ಬ್ಯಾಡ. ಬರೇ ಆಯಿನ್ನ ತೋರ್ಸು” ಎಂದಳು. ತೆಗೆದುಬಿಟ್ಟೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಆ ವಾರದಲ್ಲಿ ನಾನು ಮಾಡಿದ ಅತ್ಯಂತ ಸುಲಭದ ಎಡಿಟಿಂಗು ಅದೇ.

ತೊಟ್ಟಿಲದ ದಿನ ಅಳಿಯನ ಕಡೆಯವರು ಬಾಗಲಕೋಟೆಯಿಂದ ಜೀಪಿನಲ್ಲಿ ಬಂದರು. ಅಳಿಯನ ತಂಗಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿಂದಳು. ಗುಗ್ಗರಿ ಹಂಚಿದ್ದಾಯಿತು. ಜೋಗುಳದ ಹೊತ್ತಿಗೆ ನಾನು ಟಿ.ವಿ.ಯಲ್ಲಿ ಅವ್ವನನ್ನು ಹಚ್ಚಿದೆ. ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತು ಆ ಕಡೆ ತಿರುಗಿದರು.

ಅವ್ವ ಬಾಯಿ ತೆರೆದಾಗ ಗಂಗಕ್ಕನಿಗೆ ತಡೆಯಲಾಗಲಿಲ್ಲ. ಟಿ.ವಿ. ನೋಡುತ್ತಲೇ ಗಂಟಲೆತ್ತಿ ಹಾಡಿದಳು, ‘ಲಾಳಿ ಆಡಿದಂಗ ತೂಗತೇನ ತೊಟ್ಟಿಲಾ...’ ಅವ್ವನ ತುಟಿಗೆ ಅಕ್ಕನ ದನಿ ಸರಿಯಾಗಿ ಕೂಡಿತು. ‘ಎಳಿ ಹರೀದಂಗ ಮಲಗವ್ವಾ’ ಎಂದಳು. ಅಲ್ಲಿಗೆ ಅಕ್ಕನ ಹಾಡು ಮುಗಿಯಿತು. ಅವ್ವ ಮುಂದೆ ಹೋದಳು.

ಗಂಗಕ್ಕ ಅವ್ವನ ತುಟಿಯನ್ನೇ ನೋಡಿದಳು. ಏನೋ ಹಿಡಿದಂತೆ, “ಗುಳೇ... ಅಂದ್ಲು ನೋಡು” ಎಂದಳು. ಅಷ್ಟರಲ್ಲಿ ಅವ್ವ ಬೇರೆ ಸಾಲಿಗೆ ದಾಟಿದ್ದಳು. ಒಂದೆಡೆ ನಕ್ಕಳು. ಅದು ನನ್ನ ನುಡಿಯೋ, ನಾಯಿಗಳ ಪ್ರಸಂಗವೋ, ಗೊತ್ತಾಗಲಿಲ್ಲ. ಒಂದೆಡೆ ಬಗ್ಗಿ ತೊಟ್ಟಿಲೊಳಗೆ ನೋಡಿ ನಿಧಾನವಾಗಿ ಏನೋ ಹಾಡಿದಳು. ಅದೇ ತನ್ನ ನುಡಿಯೆಂದು ಸವಿತಾಗೆ ಅನ್ನಿಸಿತು. ಅವಳು ಟಿ.ವಿ.ಯ ತೀರ ಹತ್ತಿರ ಹೋಗಿ ನಿಂತು, ಅವ್ವನ ತುಟಿಯಂತೆ ತನ್ನ ತುಟಿ ಆಡಿಸಿದಳು. ಮಾತು ಹುಟ್ಟಲಿಲ್ಲ. ತೊಟ್ಟಿಲಲ್ಲಿ ಕೂಸು ಕೈಕಾಲು ಬಡಿಯುತ್ತಿತ್ತು.

ಅವ್ವ ಪೂರಾ ಹಾಡಿದಳು. ಹಾಡಿ, ಹಗ್ಗ ಬಿಟ್ಟು, ಕ್ಯಾಮೆರಾ ತನ್ನ ಮೇಲೇ ಇದೆಯೆಂದು ಆಗಷ್ಟೇ ಕಂಡವಳಂತೆ ನಾಚಿದಳು. ಅಂಗೈ ಅಡ್ಡ ಹಿಡಿದು, ನಮ್ಮನ್ನೇ ನೋಡಿ ಏನೋ ಅಂದಳು. ಅದೊಂದು ಮಾತು ಮಾತ್ರ ಅಲ್ಲಿದ್ದವರಿಗೆಲ್ಲ ತಿಳಿಯಿತು. ಸಾಕು ಬಿಡ್ರಿ, ಅಂದಳು.

ನಮಗೆ ಸಾಕಾಗಿರಲಿಲ್ಲ.